ಪ್ಲೆಬ್‌ಸ್ಟ್ ಜೆಪ್ಪುವಿಗೆ ಬಾರದೇ ಇದ್ದಿದ್ದರೆ

ತಾಯಿಯ ಸಾಮಾನಿನ ಗಾಡಿಗೆ ಟೊಮೆಟೊ ಡಬ್ಬಿಯೊಂದನ್ನು ಹಾಕಿಬಿಟ್ಟರೆ ಸಾಕು, ಆಕೆಯ ಕೊಲೆ ತಪ್ಪಿಹೋಗುತ್ತದೆ. 2023ರಲ್ಲಿ ತೆರೆಗೆ ಬಂದ ‘ದಿ ಫ್ಲ್ಯಾಶ್’ ಸಿನಿಮಾದ ನಾಯಕ ಕಾಲದಲ್ಲಿ ಹಿಂದಕ್ಕೆ ಓಡಿ ಮಾಡುವ ತಿದ್ದುಪಡಿ ಇಷ್ಟೇ. ಅಂಗಡಿಯಲ್ಲಿ ಆಕೆ ಟೊಮೆಟೊ ಮರೆತಿದ್ದರಿಂದ ಗಂಡ ಅದನ್ನು ತರಲು ಹೋಗಿದ್ದ. ಆ ಹೊತ್ತಿನಲ್ಲಿ ಮನೆಯಲ್ಲಿ ಕೊಲೆ ನಡೆದಿತ್ತು. ಡಬ್ಬಿ ಗಾಡಿಯಲ್ಲಿದ್ದರೆ ಗಂಡ ಮನೆ ಬಿಡಬೇಕಾಗಿಯೇ ಇರಲಿಲ್ಲ. ತಾಯಿ ಬದುಕುತ್ತಾಳೆ, ಆದರೆ ಜಗತ್ತು ಕುಸಿಯುತ್ತದೆ. ಕೊನೆಗೆ ಮಗನೇ ಹೋಗಿ ತಾನಿಟ್ಟ ಡಬ್ಬಿಯನ್ನು ತೆಗೆಯಬೇಕಾಗುತ್ತದೆ. ಇದಕ್ಕೂ ಬಹಳ ಮೊದಲೇ, 1978ರ ಸಿನಿಮಾದಲ್ಲಿ, ಸೂಪರ್‌ಮ್ಯಾನ್ ಭೂಮಿಯ ಸುತ್ತ ರಭಸದಿಂದ ಹಾರಿ ಕಾಲವನ್ನು ಹಿಂದೆ ಸರಿಸಿ ಸತ್ತ ಪ್ರೇಯಸಿಯನ್ನು ಉಳಿಸಿಕೊಂಡಿದ್ದ. 2019ರ ‘ಅವೆಂಜರ್ಸ್: ಎಂಡ್‌ಗೇಮ್’ನಲ್ಲಿ ವೀರರ ಇಡೀ ತಂಡವೇ ಕಳೆದ ಕಾಲಕ್ಕೆ ನುಗ್ಗಿತು. ಕನ್ನಡದಲ್ಲೂ 2024ರಲ್ಲಿ ಶ್ರೀನಿಧಿ ಬೆಂಗಳೂರು ಅವರ ‘ಬ್ಲಿಂಕ್’ ಗ್ರೀಕರ ಈಡಿಪಸ್ ದುರಂತದ ನೆರಳಿನಲ್ಲಿ ಕಾಲಪ್ರಯಾಣದ ಕಥೆ ಹೇಳಿತು. ಇಂಥ ಕಥೆಗಳಲ್ಲಿ ಮತ್ತೆ ಮತ್ತೆ ಕಾಣುವ ನಂಬಿಕೆ ಒಂದಿದೆ: ಚರಿತ್ರೆಯಲ್ಲಿ ಎಲ್ಲೋ ಒಂದು ಕೀಲಿ ಗಳಿಗೆ ಇರುತ್ತದೆ, ಅದನ್ನು ತಿರುಗಿಸುವ ಶಕ್ತಿ ಒಬ್ಬನಿಗೆ ಸಿಕ್ಕರೆ ಮುಂದಿನದೆಲ್ಲ ಬೇರೆಯಾಗುತ್ತದೆ. ಈ ನಂಬಿಕೆಯನ್ನು ನ್ಯೂಯಾರ್ಕ್‌ನ ಗಗನಚುಂಬಿಗಳ ನಡುವೆ ಪರೀಕ್ಷಿಸುವುದು ಕಷ್ಟ, ಅಲ್ಲಿ ಎಲ್ಲವೂ ಸಿನಿಮಾದಂತೆಯೇ ಕಾಣುತ್ತದೆ. ಮಂಗಳೂರಿನ ದಕ್ಷಿಣ ತುದಿಯಲ್ಲಿ, ನೇತ್ರಾವತಿಯ ಮಗ್ಗುಲಲ್ಲಿರುವ ಜೆಪ್ಪು ಈ ಪರೀಕ್ಷೆಗೆ ಹೇಳಿ ಮಾಡಿಸಿದ ಜಾಗ. ಒಬ್ಬ ಮನುಷ್ಯ ಹೊರಗಿನಿಂದ ಬಂದು ಇಲ್ಲಿ ಒಂದು ಉದ್ಯಮ ಹೂಡಿದ. ಆ ಉದ್ಯಮ ಊರಿನ ಹೆಸರನ್ನು ಸಮುದ್ರದಾಚೆಗೆ ಒಯ್ದಿತು. ದೂರದೇಶದಲ್ಲಿ ಹಾರಿದ ಗುಂಡೊಂದು ಅದೇ ಉದ್ಯಮದ ಒಡೆತನವನ್ನು ಕಿತ್ತುಕೊಂಡಿತು. ಒಬ್ಬನನ್ನು ಅಳಿಸಿದರೆ, ಒಂದು ಗುಂಡನ್ನು ತಡೆದರೆ ಏನಾಗುತ್ತಿತ್ತು ಎಂದು ಲೆಕ್ಕ ಹಾಕಿ ನೋಡುವಷ್ಟು ವಿವರಗಳು ಇಲ್ಲಿ ನಮಗೆ ಸಿಗುತ್ತವೆ.

ಹಿಂದಕ್ಕೆ ಹೋಗುವ ಮೂರು ದಾರಿ

ಮೊದಲು ವಿಜ್ಞಾನದ ಮಾತು. ಕಾಲದಲ್ಲಿ ಮುಂದಕ್ಕೆ ಹೋಗುವುದು ಕಟ್ಟುಕಥೆಯಲ್ಲ. ವೇಗವಾಗಿ ಚಲಿಸುವ ಗಡಿಯಾರ ನಿಧಾನವಾಗುತ್ತದೆ, ಗುರುತ್ವ ಕಡಿಮೆ ಇರುವಲ್ಲಿ ಗಡಿಯಾರ ಚುರುಕಾಗುತ್ತದೆ ಎಂದು ಐನ್‌ಸ್ಟೈನ್‌ನ ಸಾಪೇಕ್ಷತಾ ಸಿದ್ಧಾಂತ ಹೇಳುತ್ತದೆ. 1971ರಲ್ಲಿ ಹೇಫಲೆ ಮತ್ತು ಕೀಟಿಂಗ್ ಎಂಬ ಇಬ್ಬರು ವಿಜ್ಞಾನಿಗಳು ಪರಮಾಣು ಗಡಿಯಾರಗಳನ್ನು ವಿಮಾನದಲ್ಲಿ ಭೂಮಿಯ ಸುತ್ತ ಒಯ್ದು ಇದನ್ನು ಅಳೆದು ತೋರಿಸಿದರು. ನಮ್ಮ ಫೋನಿಗೆ ದಾರಿ ತೋರಿಸುವ ಜಿಪಿಎಸ್ ಉಪಗ್ರಹಗಳ ಗಡಿಯಾರ ನೆಲದ ಗಡಿಯಾರಕ್ಕಿಂತ ದಿನಕ್ಕೆ ಸುಮಾರು 38 ಮೈಕ್ರೋಸೆಕೆಂಡ್ ಮುಂದೆ ಹೋಗುತ್ತದೆ. ಅದನ್ನು ಸರಿಪಡಿಸದಿದ್ದರೆ ಒಂದೇ ದಿನದಲ್ಲಿ ಫೋನು ತೋರಿಸುವ ಜಾಗ ಹತ್ತು ಕಿಲೋಮೀಟರಿನಷ್ಟು ತಪ್ಪಾದೀತು. ಮಗಳು ರೇವತಿಗೆ ವರನನ್ನು ಕೇಳಲು ಬ್ರಹ್ಮಲೋಕಕ್ಕೆ ಹೋದ ಕಕುದ್ಮಿ ರಾಜ ಮರಳುವಷ್ಟರಲ್ಲಿ ಭೂಮಿಯ ಮೇಲೆ ಯುಗಗಳೇ ಕಳೆದಿದ್ದವು ಎಂಬ ಭಾಗವತದ ಕಥೆಯೂ ಈ ಜಾತಿಯದೇ, ಮುಂದಕ್ಕೆ ಮಾತ್ರ ಸಾಗುವ ಪ್ರಯಾಣ. ಕಕುದ್ಮಿ ಮರಳಿ ಬಂದು ಹಳೆಯದನ್ನು ತಿದ್ದಲಿಲ್ಲ, ಹೊಸ ಕಾಲಕ್ಕೆ ಹೊಂದಿಕೊಂಡ. ಹಿಂದಕ್ಕೆ ಹೋಗುವ ಮಾತು ಬೇರೆ. 1949ರಲ್ಲಿ ಗಣಿತಜ್ಞ ಕರ್ಟ್ ಗೋಡೆಲ್, ಇಡೀ ವಿಶ್ವವೇ ತಿರುಗುತ್ತಿದ್ದರೆ ಐನ್‌ಸ್ಟೈನ್‌ನ ಸಮೀಕರಣಗಳು ಹಿಂದಕ್ಕೆ ಹೋಗುವ ದಾರಿಗೂ ಎಡೆಗೊಡುತ್ತವೆ ಎಂದು ತೋರಿಸಿದ. ಆದರೆ ನಮ್ಮ ವಿಶ್ವ ಹಾಗೆ ತಿರುಗುತ್ತಿರುವ ಕುರುಹು ಸಿಕ್ಕಿಲ್ಲ. ಪ್ರಕೃತಿಯೇ ಇಂಥ ದಾರಿಗಳನ್ನು ಮುಚ್ಚಿಬಿಡುತ್ತದೆ ಎಂಬ ಊಹೆಯನ್ನು 1992ರಲ್ಲಿ ಸ್ಟೀಫನ್ ಹಾಕಿಂಗ್ ಮುಂದಿಟ್ಟ.

ಆದ್ದರಿಂದ ಹಿಂದಕ್ಕೆ ಹೋಗುವುದು ಸದ್ಯಕ್ಕೆ ಕಥೆಗಾರರ ಸೊತ್ತು, ಅವರು ಅದಕ್ಕೆ ಮೂರು ಬಗೆಯ ನಿಯಮ ಮಾಡಿಕೊಂಡಿದ್ದಾರೆ. ಒಂದು: ಕಾಲ ಒಂದೇ ಗೆರೆ, ಅದನ್ನು ಅಳಿಸಿ ಬರೆಯಬಹುದು. ಸೂಪರ್‌ಮ್ಯಾನ್ ನಡೆದದ್ದು ಈ ದಾರಿಯಲ್ಲಿ. ಎರಡು: ತಿದ್ದಲು ಹೋದರೆ ಗೆರೆ ಕವಲೊಡೆಯುತ್ತದೆ; ಹೊಸ ಕವಲಿನಲ್ಲಿ ಒಳ್ಳೆಯದಾದರೂ ನಾವು ಬಿಟ್ಟುಬಂದ ಲೋಕದ ದುಃಖ ಹಾಗೆಯೇ ಉಳಿಯುತ್ತದೆ. ‘ಎಂಡ್‌ಗೇಮ್’ ಹಿಡಿದದ್ದು ಈ ನಿಯಮವನ್ನು. ಭೌತವಿಜ್ಞಾನಿ ಡೇವಿಡ್ ಡಾಯ್ಚ್ 1991ರಲ್ಲಿ ಇಂಥದೊಂದು ಸಾಧ್ಯತೆಯನ್ನು ಗಣಿತದಲ್ಲಿ ವಿವರಿಸಿದ್ದ. ಮೂರು: ಹೋದರೂ ಏನನ್ನೂ ಬದಲಿಸಲಾಗದು, ಏಕೆಂದರೆ ಹೋದವನ ಕೈವಾಡವೂ ಮೊದಲೇ ಆ ಗತದಲ್ಲಿ ಸೇರಿಹೋಗಿದೆ. ರಷ್ಯಾದ ಇಗೋರ್ ನೋವಿಕೋವ್ ಹೆಸರಿನಲ್ಲಿ ಪ್ರಸಿದ್ಧವಾಗಿರುವ ಈ ತತ್ತ್ವ ಕೇಳಲು ಕಠಿಣ, ಆದರೆ ಕರಾವಳಿಯ ತಾಳಮದ್ದಳೆಯ ರಸಿಕರಿಗೆ ಇದನ್ನು ಯಾರೂ ಹೊಸದಾಗಿ ಕಲಿಸಬೇಕಾಗಿಲ್ಲ. ಭಾಗವತರು ಹಾಡುವ ಪದ್ಯದಲ್ಲಿ ವಾಲಿ ಸಾಯುತ್ತಾನೆ, ಅರ್ಥಧಾರಿ ಎಷ್ಟೇ ಪ್ರಚಂಡನಾದರೂ ಅದನ್ನು ತಪ್ಪಿಸಲಾರ. ಆದರೆ ಸಾಯುವ ಮುನ್ನ ವಾಲಿ ರಾಮನನ್ನು ಯಾವ ಇಕ್ಕಟ್ಟಿಗೆ ತಳ್ಳುತ್ತಾನೆ, ಮರೆಯಿಂದ ಬಿಟ್ಟ ಬಾಣಕ್ಕೆ ರಾಮ ಯಾವ ಸಮಾಧಾನ ಹೇಳುತ್ತಾನೆ ಎಂಬುದು ಪ್ರತಿ ಕೂಟದಲ್ಲೂ ಹೊಸತು. ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿಯನ್ನು ಕೇಳಲು ಜನ ರಾತ್ರಿಯಿಡೀ ಕುಳಿತದ್ದು ಅವನು ಬದುಕಿ ಉಳಿದಾನೆಂಬ ಆಸೆಯಿಂದಲ್ಲ. ಆದದ್ದು ಹಾಗೆಯೇ ಇರಲಿ, ಯಾರಿಗೆ ಏನು ಅನ್ಯಾಯವಾಯಿತು ಎಂಬುದು ಬಾಯಿಬಿಟ್ಟು ಚರ್ಚೆಯಾಗಲಿ ಎಂಬುದು ಆ ಕಲೆಯ ನಿಲುವು. ಜೆಪ್ಪುವಿನ ಲೆಕ್ಕ ಬಿಡಿಸುವಾಗ ಈ ನಿಲುವು ಮತ್ತೆ ನಮ್ಮ ನೆರವಿಗೆ ಬರಲಿದೆ.

ಅಳಿಸಿ ನೋಡಿದ ಮೊದಲ ಹೆಸರು

1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿನವರು ಶಾಲೆ, ಮುದ್ರಣಾಲಯ, ನೇಯ್ಗೆ ಎಂದು ಒಂದೊಂದಾಗಿ ಕೆಲಸ ಹೂಡಿದರು. ಗಿಯೋರ್ಗ್ ಪ್ಲೆಬ್‌ಸ್ಟ್ ಆ ಮಿಶನ್ನಿನ ಮುದ್ರಣಾಲಯದ ಕೆಲಸಕ್ಕೆಂದು ಬಂದವನು. ಆಮೇಲೆ ಮಣ್ಣಿನ ಕೆಲಸದ ತಂತ್ರವನ್ನು ಅಭ್ಯಾಸ ಮಾಡಿ 1865ರಲ್ಲಿ ಜೆಪ್ಪುವಿನ ನದೀತೀರದಲ್ಲಿ ಹಂಚಿನ ಕಾರ್ಖಾನೆ ತೆರೆದ. ಶುರುವಿನಲ್ಲಿ ಅದು ಎತ್ತುಗಳು ಮಣ್ಣಿನ ಗಾಣ ತಿರುಗಿಸುವ ಸಣ್ಣ ಕೆಲಸ. ಮುಂದೆ ಕುದ್ರೋಳಿ, ಮಲ್ಪೆ, ಕಲ್ಲಿಕೋಟೆ, ಪಾಲಕ್ಕಾಡ್, ಫೆರೋಕ್ ಎಂದು ಪಶ್ಚಿಮ ಕರಾವಳಿಯಲ್ಲೂ ಅದರ ಒಳನಾಡಿನಲ್ಲೂ ಮಿಶನ್ನಿನ ಕಾರ್ಖಾನೆಗಳು ಎದ್ದವು. ಒಂದರ ತುಟಿ ಇನ್ನೊಂದರ ಅಂಚಿಗೆ ಕಚ್ಚಿಕೊಳ್ಳುವ ಆ ಕೆಂಪು ಹಂಚು ‘ಮಂಗಳೂರು ಹಂಚು’ ಎಂದೇ ಹೆಸರಾಗಿ ಮಂಜಿಗಳಲ್ಲಿ, ಹಡಗುಗಳಲ್ಲಿ ಸಿಲೋನ್, ಬರ್ಮಾ, ಪೂರ್ವ ಆಫ್ರಿಕಾದವರೆಗೆ ಹೋಯಿತು. ಈಗ ನಮ್ಮ ಕಾಲಯಾನಿಯನ್ನು ಪ್ಲೆಬ್‌ಸ್ಟ್ ಇಲ್ಲಿಗೆ ಹೊರಟ ದಿನಕ್ಕೆ ಕಳಿಸೋಣ. ಅವನು ಪ್ಲೆಬ್‌ಸ್ಟ್‌ನನ್ನು ಕೊಲ್ಲಬೇಕಾಗಿಲ್ಲ, ಹಡಗು ತಪ್ಪುವಂತೆ ಮಾಡಿದರೆ ಸಾಕು. ಆಗ ಮಂಗಳೂರು ಹಂಚು ಇಲ್ಲದ ಮಂಗಳೂರು ಸಿಗುತ್ತದೆಯೇ?

ಸಿಗುವುದಿಲ್ಲ ಎಂದು ಬಲವಾಗಿ ಹೇಳಬಹುದು. ಆ ಹಂಚಿನ ವಿನ್ಯಾಸವನ್ನು ಪ್ಲೆಬ್‌ಸ್ಟ್ ಕಂಡುಹಿಡಿದವನಲ್ಲ. ಕಚ್ಚಿಕೊಳ್ಳುವ ಹಂಚಿಗೆ ಅಲ್ಸೇಸ್ ಪ್ರಾಂತ್ಯದ ಜಿಲಾರ್ಡೋನಿ ಸೋದರರು 1841ರಲ್ಲೇ ಪೇಟೆಂಟ್ ಪಡೆದಿದ್ದರು. ಅದರ ಬೇರೆ ಬೇರೆ ಮಾದರಿಗಳು ಯೂರೋಪಿನಲ್ಲಿ ಆಗಲೇ ಬಳಕೆಗೆ ಬಂದಿದ್ದವು. ಬೇಕಾದದ್ದೆಲ್ಲ ಇಲ್ಲೇ ಕಾದಿತ್ತು: ನೇತ್ರಾವತಿ, ಗುರುಪುರ ನದಿಗಳ ಬಯಲಿನ ಜೇಡಿಮಣ್ಣು, ಭಟ್ಟಿಗೆ ಘಟ್ಟದ ಕಡೆಯ ಸೌದೆ, ಸಾಗಿಸಲು ನದಿ, ಹತ್ತಿರದಲ್ಲೇ ಬಂದರು. ಎಲ್ಲಕ್ಕಿಂತ ಮಿಗಿಲಾಗಿ, ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿನಷ್ಟು ಸುರಿಯುವ ಮಳೆ ಮತ್ತು ಪ್ರತಿ ವರ್ಷ ಮುಳಿಹುಲ್ಲು ಹೊದಿಸಿ ಹೊದಿಸಿ ಬೇಸತ್ತ ಮನೆಗಳಿದ್ದವು. ಪ್ಲೆಬ್‌ಸ್ಟ್ ಶುರುಮಾಡಿದ ಮೂರೇ ವರ್ಷಕ್ಕೆ, 1868ರಲ್ಲಿ, ಪಾಣೆಮಂಗಳೂರಿನಲ್ಲಿ ಆಲ್ಬುಕರ್ಕ್ ಕಾರ್ಖಾನೆ ಎದ್ದಿತು. 1878ರಲ್ಲಿ ಮಂಗಳೂರಿನಲ್ಲಿ ಸೈಮನ್ ಆಲ್ವಾರಿಸ್ ಕಾರ್ಖಾನೆ ತೆರೆದರು. ಇವರು ಪ್ಲೆಬ್‌ಸ್ಟ್‌ನನ್ನು ನೋಡಿ ಕಲಿತಿರಬಹುದು ನಿಜ. ಆದರೆ ಕಲಿಯಲು ಅವನೊಬ್ಬನೇ ಇದ್ದದ್ದಲ್ಲ. ಬಂದರು ಪಟ್ಟಣದ ವ್ಯಾಪಾರಿಗಳಿಗೆ ಬೊಂಬಾಯಿಯ ಒಡನಾಟ ಇತ್ತು, ಯೂರೋಪಿನ ಸರಕಿನ ಪರಿಚಯ ಇತ್ತು. ಐದೋ ಹತ್ತೋ ವರ್ಷ ತಡವಾಗಿ, ಬಹುಶಃ ಬೇರೆ ಹೆಸರಿನ ಅಚ್ಚೊತ್ತಿಕೊಂಡು, ಅದೇ ಕೆಂಪು ಹಂಚು ಅದೇ ಮಾಡುಗಳ ಮೇಲೆ ಏರುತ್ತಿತ್ತು.

ಹಾಗಾದರೆ ಪ್ಲೆಬ್‌ಸ್ಟ್ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ ಎಂದಾಯಿತೇ? ಅದೂ ಅಲ್ಲ. ಮಿಶನ್ ಕಾರ್ಖಾನೆ ತೆರೆದದ್ದು ಲಾಭದ ಲೆಕ್ಕಾಚಾರವೊಂದರಿಂದಲೇ ಅಲ್ಲ. ಕ್ರೈಸ್ತ ಮತಕ್ಕೆ ಸೇರಿದವರು ತಮ್ಮ ಜಾತಿಯ ಆಸರೆ ಕಳೆದುಕೊಳ್ಳುತ್ತಿದ್ದರು, ಎಷ್ಟೋ ಸಲ ಕಸುಬನ್ನೂ ಬಿಡಬೇಕಾಗುತ್ತಿತ್ತು. ತುಳುನಾಡಿನಲ್ಲಿ ಹಾಗೆ ಸೇರಿದವರಲ್ಲಿ ಬಿಲ್ಲವರ ಸಂಖ್ಯೆ ದೊಡ್ಡದು, ಕಳ್ಳು ಇಳಿಸುವ ಅವರ ಮೂರ್ತೆ ಕಸುಬನ್ನು ಮಿಶನ್ ಒಪ್ಪುತ್ತಿರಲಿಲ್ಲ. ಆ ಜನರಿಗೆ ಕೂಲಿ ಕೊಡುವ ಜಾಗವಾಗಿ ಮಗ್ಗದ ಮನೆ ಬಂತು, ಹಂಚಿನ ಕಾರ್ಖಾನೆಯೂ ಬಂತು. ಗಂಟೆ ಹೊಡೆದಾಗ ಕೆಲಸಕ್ಕೆ ಬರುವ, ವಾರದ ಕೂಲಿ ಎಣಿಸುವ ಹೊಸ ಬಗೆಯ ಬದುಕು ಜೆಪ್ಪುವಿನ ಸುತ್ತ ಬೆಳೆಯಿತು. ಪ್ಲೆಬ್‌ಸ್ಟ್ ಬಾರದೆ ಯಾವನೋ ವ್ಯಾಪಾರಿ ಮೊದಲ ಕಾರ್ಖಾನೆ ಹೂಡಿದ್ದರೆ ಹಂಚು ಅದೇ ಇರುತ್ತಿತ್ತು, ಅದನ್ನು ಒತ್ತುವ ಕೈಗಳು ಬೇರೆಯಾಗಿರುತ್ತಿದ್ದವು. ಆ ಮನೆಗಳಲ್ಲಿ ಓದು ಕಲಿತ ಮಕ್ಕಳು, ನಡೆದ ಮದುವೆಗಳು, ಹುಟ್ಟಿದ ಪೀಳಿಗೆಗಳು ಎಲ್ಲವೂ ಬೇರೆ. ಈ ಮೊದಲ ಪ್ರಯೋಗದಲ್ಲೇ ಒಂದು ವಿನ್ಯಾಸ ಗೋಚರಿಸುತ್ತದೆ: ಗತವನ್ನು ಒಂದೆಡೆ ತಿದ್ದಿದಾಗ ‘ಏನಾಯಿತು’ ಎಂಬುದು ಅಷ್ಟಾಗಿ ಕದಲುವುದಿಲ್ಲ, ‘ಯಾರಿಗಾಯಿತು’ ಎಂಬುದು ಪೂರ್ತಿ ಕಲಕಿಹೋಗುತ್ತದೆ. ಊರಿನ ಚರಿತ್ರೆ ಗಟ್ಟಿ, ಊರಿನವರ ಪಾಲು ನಾಜೂಕು.

ಸರಾಯೆವೊದಿಂದ ಜೆಪ್ಪುವರೆಗೆ

ಎರಡನೆಯ ಪ್ರಯೋಗ ಇನ್ನೂ ಸಿನಿಮೀಯವಾದದ್ದು. 1914ರ ಜೂನ್ 28ರಂದು ಸರಾಯೆವೊ ನಗರದಲ್ಲಿ ಆಸ್ಟ್ರಿಯಾದ ಯುವರಾಜ ಫ್ರಾಂಜ್ ಫರ್ಡಿನಾಂಡ್ ಮೇಲೆ ಬೆಳಗ್ಗೆ ಎಸೆದ ಬಾಂಬು ಗುರಿ ತಪ್ಪಿತ್ತು. ಆಮೇಲೆ ದಾರಿ ಬದಲಾದ ಸುದ್ದಿ ತಲುಪದೆ ಕಾರಿನ ಚಾಲಕ ತಪ್ಪು ತಿರುವು ತೆಗೆದುಕೊಂಡ, ಕಾರು ಸಂಚುಕೋರ ಗಾವ್ರಿಲೊ ಪ್ರಿನ್ಸಿಪ್ ನಿಂತಿದ್ದ ಜಾಗದಲ್ಲೇ ನಿಂತಿತು, ಅವನು ಹಾರಿಸಿದ ಗುಂಡಿಗೆ ಯುವರಾಜ ಬಲಿಯಾದ. ಆರು ವಾರದೊಳಗೆ ಬ್ರಿಟನ್ ಮತ್ತು ಜರ್ಮನಿ ಯುದ್ಧದಲ್ಲಿದ್ದವು. ಬಾಸೆಲ್ ಊರು ಸ್ವಿಟ್ಜರ್ಲೆಂಡಿನದಾದರೂ ಮಂಗಳೂರಿನ ಮಿಶನರಿಗಳಲ್ಲಿ ಬಹಳ ಮಂದಿ ಜರ್ಮನರು. ಬ್ರಿಟಿಷ್ ಸರ್ಕಾರದ ಕಣ್ಣಿಗೆ ಅವರು ಒಮ್ಮೆಲೇ ಶತ್ರುದೇಶದ ಪ್ರಜೆಗಳಾದರು; ಅವರನ್ನು ಬಂಧನದಲ್ಲಿಟ್ಟರು, ದೇಶದಿಂದ ಹೊರಗೆ ಕಳಿಸಿದರು. ಮಿಶನ್ನಿನ ಉದ್ದಿಮೆಗಳು ಸರ್ಕಾರದ ವಶಕ್ಕೆ ಹೋಗಿ, 1919ರಲ್ಲಿ ಸ್ಥಾಪನೆಯಾದ ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಬ್ರಿಟಿಷ್ ಸಂಸ್ಥೆಯ ಕೈಸೇರಿದವು. ಜೆಪ್ಪುವಿನ ಕಾರ್ಖಾನೆಯನ್ನು ಜನ ‘ಕಾಮನ್‌ವೆಲ್ತ್’ ಎಂದು ಕರೆಯತೊಡಗಿದ್ದು ಹೀಗೆ. ಬೋಸ್ನಿಯಾದ ಬೀದಿಯೊಂದರ ತಪ್ಪು ತಿರುವು ನೇತ್ರಾವತಿ ದಡದ ಭಟ್ಟಿಯ ಒಡೆತನವನ್ನು ಬದಲಿಸಿತು ಎಂದರೆ ಕಾಲಪ್ರಯಾಣದ ಕಥೆಗಾರನಿಗೆ ಇದಕ್ಕಿಂತ ಒಳ್ಳೆಯ ಸರಕು ಸಿಗುವುದು ಕಷ್ಟ.

ಈಗ ನಮ್ಮ ವೀರ ಆ ಚಾಲಕನಿಗೆ ಸರಿಯಾದ ದಾರಿ ತೋರಿಸುತ್ತಾನೆ, ಯುವರಾಜ ಉಳಿಯುತ್ತಾನೆ ಎನ್ನೋಣ. ಯುದ್ಧ ತಪ್ಪುತ್ತಿತ್ತೇ ಎಂಬ ಬಗ್ಗೆ ಇತಿಹಾಸಕಾರರಲ್ಲಿ ಒಮ್ಮತವಿಲ್ಲ. ಬಾಲ್ಕನ್ನಿನ ಕಲಹ, ಎರಡು ಬಣಗಳಾಗಿ ಒಡೆದ ಯೂರೋಪಿನ ಒಪ್ಪಂದಗಳು, ಬ್ರಿಟನ್–ಜರ್ಮನಿಗಳ ನೌಕಾಪಡೆಯ ಪೈಪೋಟಿ ಇವೆಲ್ಲ ಆ ಗುಂಡಿಗೆ ಮೊದಲೇ ಇದ್ದವು ಎನ್ನುವವರಿದ್ದಾರೆ. ಅಂಥ ಎಷ್ಟೋ ಬಿಕ್ಕಟ್ಟುಗಳು ಯುದ್ಧವಿಲ್ಲದೆ ಕರಗಿದ್ದವು, ಇದೂ ಕರಗಬಹುದಿತ್ತು ಎನ್ನುವವರೂ ಇದ್ದಾರೆ. ಜೆಪ್ಪುವಿನ ಮಟ್ಟಿಗೆ ಈ ಜಗಳ ಇತ್ಯರ್ಥವಾಗಬೇಕಾಗಿಲ್ಲ. ಬ್ರಿಟಿಷರ ನೆಲದಲ್ಲಿ ಜರ್ಮನರು ನಡೆಸುವ ಕಾರ್ಖಾನೆ ಆ ಎರಡು ದೇಶಗಳ ಸ್ನೇಹದ ಮೇಲೆ ನಿಂತಿತ್ತು. 1914ರಲ್ಲಲ್ಲದಿದ್ದರೆ ಮತ್ತೊಂದು ಯುದ್ಧದಲ್ಲಿ ಅದು ಕೈತಪ್ಪುವ ಅಪಾಯ ಇದ್ದೇ ಇತ್ತು. ಯುದ್ಧವೇ ನಡೆಯದೆ ಕಾರ್ಖಾನೆ ಮಿಶನ್ನಿನ ಬಳಿಯೇ ಉಳಿಯಿತು ಎಂದುಕೊಂಡರೂ ಕಬ್ಬಿಣ–ಸಿಮೆಂಟಿನ ತಾರಸಿ ಬರುವುದು ನಿಲ್ಲುತ್ತಿರಲಿಲ್ಲ, ಮಣ್ಣು ಮತ್ತು ಸೌದೆ ದುಬಾರಿಯಾಗುವುದು ನಿಲ್ಲುತ್ತಿರಲಿಲ್ಲ. ಮಂಗಳೂರಿನ ಹಂಚಿನ ಕಾರ್ಖಾನೆಗಳು ಯಾರ ಒಡೆತನದಲ್ಲಿದ್ದರೂ ಒಂದೊಂದಾಗಿ ಮುಚ್ಚಿದ್ದಕ್ಕೆ ಕಾರಣ ಇವೇ. ಆದರೆ ಆ ಯುದ್ಧಕಾಲದಲ್ಲಿ ಒಬ್ಬೊಬ್ಬನ ಬಾಳಿನಲ್ಲಿ ಏನಾಯಿತು ನೋಡಿ: ದಶಕಗಳಿಂದ ಇಲ್ಲೇ ನೆಲೆಸಿ ಕನ್ನಡ, ತುಳು ಮಾತಾಡುತ್ತಿದ್ದ ಮಿಶನರಿ ಕುಟುಂಬಗಳು ಕೈದಿಗಳಾದವು, ಕೂಲಿಕಾರರು ಒಡೆಯ ಯಾರೆಂದು ತಿಳಿಯದೆ ದಿನ ದೂಡಿದರು. ಗುಂಡು ತಪ್ಪಿದ್ದರೆ ಹಂಚಿನ ಉದ್ಯಮದ ಹಣೆಬರಹ ಹೆಚ್ಚೇನೂ ಬದಲಾಗುತ್ತಿರಲಿಲ್ಲ, ಈ ಮನುಷ್ಯರದ್ದು ಬದಲಾಗುತ್ತಿತ್ತು. ಮೊದಲ ಪ್ರಯೋಗದ ಫಲಿತಾಂಶವೇ ಇಲ್ಲಿಯೂ ಬಂತು.

ಆಕ್ಷೇಪಗಳಿಗೆ ಉತ್ತರ

ಇಲ್ಲಿ ಮೊದಲ ಆಕ್ಷೇಪ ಏಳುತ್ತದೆ. ಚಿಟ್ಟೆ ರೆಕ್ಕೆ ಬಡಿದರೆ ಎಲ್ಲೋ ಬಿರುಗಾಳಿ ಏಳಬಹುದು ಎಂದು ವಿಜ್ಞಾನವೇ ಹೇಳುವಾಗ ಚರಿತ್ರೆ ಗಟ್ಟಿ ಎನ್ನುವುದು ಹೇಗೆ? ಆ ಮಾತಿನ ಹಿಂದಿರುವವನು ಹವಾಮಾನ ವಿಜ್ಞಾನಿ ಎಡ್ವರ್ಡ್ ಲೊರೆಂಜ್. 1961ರಲ್ಲಿ ಅವನು ಕಂಪ್ಯೂಟರಿಗೆ .506127 ಎಂಬ ಸಂಖ್ಯೆಯ ಬದಲು .506 ಎಂದು ಮೊಟಕು ಮಾಡಿ ಕೊಟ್ಟ. ಸ್ವಲ್ಪ ಹೊತ್ತಿನಲ್ಲೇ ಕಂಪ್ಯೂಟರು ತೋರಿಸಿದ ಹವೆ ಹಿಂದಿನದಕ್ಕಿಂತ ಪೂರ್ತಿ ಬೇರೆಯಾಯಿತು. ಸಣ್ಣ ವ್ಯತ್ಯಾಸ ಬೆಳೆದು ಬೆಟ್ಟವಾಗುತ್ತದೆ ಎಂಬುದು ನಿಜ. ಆದರೆ ಲೊರೆಂಜ್ ಕಂಡದ್ದು ಯಾವ ದಿನ ಯಾವ ಹವೆ ಎಂಬ ವಿವರದ ಏರುಪೇರನ್ನು. ಋತುಗಳ ಚಕ್ರವನ್ನು ಚಿಟ್ಟೆ ಅಳಿಸುವುದಿಲ್ಲ. ಮುಂದಿನ ವರ್ಷ ಜೂನ್ 9ರಂದು ಜೆಪ್ಪುವಿನಲ್ಲಿ ಎಷ್ಟು ಹೊತ್ತಿಗೆ ಮಳೆ ಸುರಿಯುತ್ತದೆ ಎಂದು ಇವತ್ತು ಯಾರೂ ಹೇಳಲಾರರು, ಜೂನ್‌ನಲ್ಲಿ ಮಳೆ ಸುರಿಯುತ್ತದೆ ಎಂದು ಎಲ್ಲರೂ ಹೇಳಬಲ್ಲರು. ಅಂದರೆ ಚಿಟ್ಟೆಯ ವಾದ ನಮ್ಮ ವಾದಕ್ಕೆ ಎದುರಲ್ಲ, ಪೂರಕ. ಯಾವ ಮನೆಯ ಮಾಡು ಆ ರಾತ್ರಿಯ ಗಾಳಿಗೆ ಹಾರಿತು ಎಂಬುದು ಚಿಟ್ಟೆಯ ಕೈಯಲ್ಲಿದೆ. ಕರಾವಳಿಯಲ್ಲಿ ಮಳೆಗೆ ತಕ್ಕ ಮಾಡು ಬೇಕು ಎಂಬುದು ಅದರ ಕೈಯಲ್ಲಿಲ್ಲ.

ಎರಡನೆಯ ಆಕ್ಷೇಪ ಇದಕ್ಕಿಂತ ಗಟ್ಟಿ. ಒಬ್ಬನೇ ಮಾಡಿದ, ಇನ್ನೊಬ್ಬ ಮಾಡಲಾಗದ ಕೆಲಸಗಳು ಇಲ್ಲವೇ? ಇವೆ. ಬಾಸೆಲ್ ಮಿಶನ್ನಿನ ಹರ್ಮನ್ ಮೋಗ್ಲಿಂಗ್ 1843ರಲ್ಲಿ ಮಂಗಳೂರಿನಲ್ಲಿ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ ಹೊರಡಿಸಿದ. ಅವನು ಇಲ್ಲದಿದ್ದರೂ ಕನ್ನಡದಲ್ಲಿ ಪತ್ರಿಕೆ ಬರುತ್ತಿತ್ತು. ಬೊಂಬಾಯಿ, ಕಲ್ಕತ್ತೆಗಳಲ್ಲಿ ದೇಶಭಾಷೆಯ ಪತ್ರಿಕೆಗಳು ಆಗಲೇ ನಡೆಯುತ್ತಿದ್ದವು. ಇದು ಹಂಚಿನ ಜಾತಿಗೆ ಸೇರಿದ ಸಂಗತಿ. ಆದರೆ ಅದೇ ಮಿಶನ್ನಿನ ಮ್ಯಾನರ್ ತುಳುವರ ಬಾಯ್ದೆರೆಯ ಕಥನಗೀತೆಗಳಾದ ಪಾಡ್ದನಗಳನ್ನು ಸಂಗ್ರಹಿಸಿ 1886ರಲ್ಲಿ ಅಚ್ಚು ಹಾಕಿಸಿದ್ದು ಬೇರೆ ಜಾತಿಯದು. ಮಂಗಳೂರಿನಲ್ಲಿ ನ್ಯಾಯಾಧೀಶನಾಗಿದ್ದ ಎ. ಸಿ. ಬರ್ನೆಲ್ ಸಂಗ್ರಹಿಸಿದ ಭೂತಗಳ ಕಥೆಗಳು ಅವನು ತೀರಿಕೊಂಡ ಮೇಲೆ 1894ರಿಂದ ‘ಇಂಡಿಯನ್ ಆಂಟಿಕ್ವೆರಿ’ ಪತ್ರಿಕೆಯಲ್ಲಿ ಪ್ರಕಟವಾದದ್ದೂ ಅಂಥದೇ. ಪಾಡ್ದನ ಹೇಳುವ ಹೆಂಗಸು, ನೇಮ ಕಟ್ಟುವ ಕಲಾವಿದ ತೀರಿಕೊಂಡರೆ ಅವರ ನಾಲಗೆಯ ಮೇಲಿದ್ದ ಪಾಠ ಅವರೊಂದಿಗೇ ಹೋಗುತ್ತದೆ. ಆ ಕಥೆ ಬೇರೆಯವರ ಬಾಯಲ್ಲಿ ಉಳಿಯಬಹುದು, ಆ ಪಾಠ ಉಳಿಯದು. ಒಂದು ಕೆಲಸವನ್ನು ನಾಲ್ಕು ಕಡೆಯಿಂದ ನಾಲ್ಕು ಜನ ಹೊತ್ತಿದ್ದರೆ ಒಬ್ಬ ಜಾರಿದರೂ ಅದು ಬೀಳುವುದಿಲ್ಲ. ಒಬ್ಬನೇ ಹೊತ್ತಿದ್ದರೆ ಬೀಳುತ್ತದೆ. ಗತದಲ್ಲಿ ಕೀಲಿ ಗಳಿಗೆಗಳು ನಿಜವಾಗಿ ಇರುವುದು ಇಲ್ಲಿ, ರಾಜರು ಸಾಯುವ ಬೀದಿಗಳಿಗಿಂತ ಹೆಚ್ಚಾಗಿ, ಒಬ್ಬಳ ನೆನಪು ಬರವಣಿಗೆಗೆ ಇಳಿಯಿತೋ ಇಲ್ಲವೋ ಎಂಬಂಥ ಸದ್ದಿಲ್ಲದ ಸಂದರ್ಭಗಳಲ್ಲಿ.

ಈಗ ಸೂಪರ್‌ಹೀರೋಗಳ ಕಡೆ ತಿರುಗೋಣ. ಬ್ಯಾಟ್‌ಮ್ಯಾನ್ ವೀರನಾದದ್ದು ಎಳೆಯ ವಯಸ್ಸಿನಲ್ಲಿ ಕಣ್ಣೆದುರೇ ತಂದೆತಾಯಿ ಕೊಲೆಯಾದ್ದರಿಂದ. 1962ರಲ್ಲಿ ಹುಟ್ಟಿದ ಸ್ಪೈಡರ್‌ಮ್ಯಾನ್ ಹೊಣೆ ಕಲಿತದ್ದು ದೊಡ್ಡಪ್ಪನ ಸಾವಿನಿಂದ. ಗಾಯವನ್ನು ಹಿಂದೆ ಹೋಗಿ ಅಳಿಸಿದರೆ ಅಳಿಸುವ ವೀರನೇ ಅಳಿದುಹೋಗುತ್ತಾನೆ. ತುಳುನಾಡಿನ ವೀರರು ಈ ಸಂಗತಿಯನ್ನು ಇನ್ನೂ ನೇರವಾಗಿ ಹೇಳುತ್ತಾರೆ. ದೇಯಿ ಬೈದೆತಿಯ ಅವಳಿ ಮಕ್ಕಳಾದ ಕೋಟಿ ಚೆನ್ನಯರು ಎಣ್ಮೂರಿನ ಕಾಳಗದಲ್ಲಿ ಮಡಿದರು. ಗರೋಡಿಗಳಲ್ಲಿ ಅವರು ಪೂಜೆ ಪಡೆಯುವುದು ಮಡಿದ ವೀರರಾಗಿ. ಜೆಪ್ಪುವಿಗೆ ಹತ್ತಿರದ ಕಂಕನಾಡಿ ಗರೋಡಿಯಲ್ಲಿ ಜಾತ್ರೆಯಾದಾಗ ಯಾವ ಭಕ್ತನೂ ಆ ಸಾವು ತಪ್ಪಲಿ ಎಂದು ಬೇಡುವುದಿಲ್ಲ. ಕಲ್ಕುಡನ ಕಥೆ ಇನ್ನೂ ವಿಚಿತ್ರ. ಕಾರ್ಕಳದ ಗೊಮ್ಮಟನನ್ನು ಕಡೆದ ಶಿಲ್ಪಿ ಇಂಥದ್ದನ್ನು ಬೇರೆಲ್ಲೂ ಕಡೆಯಬಾರದೆಂದು ಅರಸ ಅವನ ಒಂದು ಕೈ, ಒಂದು ಕಾಲು ಕಡಿಸಿದ. ಆ ಶಿಲ್ಪಿ ಉಳಿದ ಕೈಯಿಂದಲೇ ವೇಣೂರಿನ ಗೊಮ್ಮಟನನ್ನೂ ಕಡೆದ. ಮುಂದೆ ತಂಗಿ ಕಲ್ಲುರ್ಟಿಯೊಂದಿಗೆ ದೈವವಾಗಿ ಅರಸನನ್ನು ಕಾಡಿದ ಎಂದು ಪಾಡ್ದನ ಹೇಳುತ್ತದೆ. ಕಾರ್ಕಳದ ಮೂರ್ತಿ ನಿಂತದ್ದು 1432ರಲ್ಲಿ, ವೇಣೂರಿನದು 1604ರಲ್ಲಿ. 172 ವರ್ಷಗಳ ಅಂತರವನ್ನು ಒಬ್ಬ ಮನುಷ್ಯ ದಾಟಲಾರ. ಪಾಡ್ದನ ಅವನನ್ನು ದಾಟಿಸುತ್ತದೆ. ಇದನ್ನು ಅಜ್ಞಾನ ಎಂದು ತಳ್ಳಿಹಾಕಬಾರದು. ಶಾಸನಗಳು ಮೂರ್ತಿ ಮಾಡಿಸಿದ ಅರಸರ ಹೆಸರು ಹೇಳುತ್ತವೆ, ಪಾಡ್ದನ ಮಾಡಿದವನ ಕಡೆಯಿಂದ ಕಥೆ ಹೇಳುತ್ತದೆ. ಕಲ್ಲು ನಿಲ್ಲುವುದು ಹೇಗೂ ನಿಲ್ಲುತ್ತಿತ್ತು. ಅದಕ್ಕಾಗಿ ಯಾರ ಕೈ ಹೋಯಿತು ಎಂಬುದನ್ನು ಮರೆಯಬೇಡಿ ಎಂಬುದು ಅದರ ಹಟ.

ಇದರಿಂದಲೇ ಮೂರನೆಯ, ಎಲ್ಲಕ್ಕಿಂತ ಕಠಿಣವಾದ ಆಕ್ಷೇಪ ಹುಟ್ಟುತ್ತದೆ. ಅನ್ಯಾಯದಿಂದಲೇ ವೀರ ಹುಟ್ಟುತ್ತಾನೆ, ಹಳೆಯ ಸಂಕಟದಿಂದಲೇ ಇಂದಿನ ಜನ ಹುಟ್ಟಿದ್ದಾರೆ ಎಂದರೆ ಆ ಅನ್ಯಾಯವನ್ನು ಒಪ್ಪಿಕೊಂಡಂತೆ ಆಗುವುದಿಲ್ಲವೇ? ಜೆಪ್ಪುವಿನ ಆಸುಪಾಸಿನ ಕಥೋಲಿಕ ಮನೆತನಗಳಿಗೆ ಇದು ಬರೀ ತರ್ಕದ ಪ್ರಶ್ನೆಯಲ್ಲ. 1784ರಲ್ಲಿ ಟಿಪ್ಪುವಿನ ಆಜ್ಞೆಯಂತೆ ಕೆನರಾದ ಕ್ರೈಸ್ತರನ್ನು ಶ್ರೀರಂಗಪಟ್ಟಣಕ್ಕೆ ಸೆರೆ ಒಯ್ದರು. ಬದುಕಿ ಉಳಿದವರು 1799ರ ನಂತರ ಮರಳಿದರು. ಮರಳಿ ಬಂದವರು ಹೊಸದಾಗಿ ಮನೆ ಕಟ್ಟಿದರು, ಮದುವೆಯಾದರು. ಇಂದಿನ ಪೀಳಿಗೆ ಅವರ ಸಂತಾನ. ಆ ಸೆರೆಯನ್ನು ಅಳಿಸಿದರೆ ಬೇರೆ ಮದುವೆಗಳು, ಬೇರೆ ಮಕ್ಕಳು. ಅಳಿಸಬೇಕೆಂದು ಬಯಸುವ ಇಂದಿನವರೇ ಇರುವುದಿಲ್ಲ. ತತ್ತ್ವಜ್ಞಾನಿ ಡೆರೆಕ್ ಪಾರ್ಫಿಟ್ 1984ರ ತನ್ನ ಪುಸ್ತಕದಲ್ಲಿ ಈ ತೊಡಕನ್ನು ಬಿಡಿಸಿಟ್ಟ: ನಮ್ಮ ಇರುವಿಕೆಯೇ ಹಿಂದಿನ ಸಾವಿರ ಆಕಸ್ಮಿಕಗಳ ಮೇಲೆ ನಿಂತಿರುವಾಗ, ಆ ಆಕಸ್ಮಿಕಗಳಿಂದ ನಮಗೆ ಕೇಡಾಯಿತು ಎಂದು ಹೇಳುವುದು ಕಷ್ಟ. ಆದರೆ ಅದರಿಂದ ಕೇಡೇ ಆಗಿಲ್ಲ ಎಂದು ಹೇಳಿದಂತಾಗುವುದಿಲ್ಲ. ಕೇಡಾದದ್ದು ಅಂದು ನಡೆದುಹೋದವರಿಗೆ, ದಾರಿಯಲ್ಲಿ ಸತ್ತವರಿಗೆ. ನಾವು ಹುಟ್ಟಿದ್ದು ಅವರ ಸಂಕಟಕ್ಕೆ ಪರಿಹಾರವಲ್ಲ, ಅದಕ್ಕೆ ಸಮರ್ಥನೆಯಂತೂ ಅಲ್ಲವೇ ಅಲ್ಲ. ಒಂದು ಘಟನೆಯ ಫಲವಾಗಿ ಹುಟ್ಟಿದವನಿಗೂ ಆ ಘಟನೆಯನ್ನು ಅನ್ಯಾಯ ಎಂದು ಕರೆಯುವ ಹಕ್ಕಿದೆ. ಇಂದಿನ ಯಾರಿಗೂ ಅದರ ಸೇಡನ್ನು ಇಂದಿನ ಬೇರೆಯವರ ಮೇಲೆ ತೀರಿಸುವ ಹಕ್ಕಿಲ್ಲ ಎಂಬುದೂ ಇದರಿಂದಲೇ ತಿಳಿಯುತ್ತದೆ. ಏಕೆಂದರೆ ಆ ಕಡೆಯವರೂ ಅದೇ ಆಕಸ್ಮಿಕಗಳಿಂದ ಹುಟ್ಟಿದವರು.

ಹಾಗಿದ್ದರೆ ‘ಹಾಗಾಗದೇ ಇದ್ದಿದ್ದರೆ’ ಎಂದು ಯೋಚಿಸುವುದೇ ವ್ಯರ್ಥವೆಂದು ಕೆಲವರು ಹೇಳಬಹುದು. ಕೆಲವು ಇತಿಹಾಸಕಾರರೂ ಇದನ್ನು ಹೊತ್ತು ಕಳೆಯುವ ಆಟವೆಂದು ಬದಿಗಿಟ್ಟಿದ್ದಾರೆ. ಆದರೆ ಕಾರಣ ಎಂಬ ಮಾತಿನಲ್ಲೇ ಈ ಯೋಚನೆ ಅಡಗಿದೆ. ಮಳೆಯಿಂದಾಗಿ ಹಂಚಿಗೆ ಬೇಡಿಕೆ ಬಂತು ಎಂದರೆ, ಮಳೆ ಕಡಿಮೆ ಇದ್ದಿದ್ದರೆ ಬೇಡಿಕೆ ಅಷ್ಟು ಇರುತ್ತಿರಲಿಲ್ಲ ಎಂದೇ ಅರ್ಥ. ಕಾಲಯಂತ್ರವಿಲ್ಲದೆ ಮನಸ್ಸಿನಲ್ಲೇ ಒಂದೊಂದು ಕಂಬ ತೆಗೆದು ನೋಡಿದಾಗಲೇ ಯಾವುದು ಮಾಡನ್ನು ಹೊತ್ತಿತ್ತು, ಯಾವುದು ಬರಿಯ ಅಲಂಕಾರ ಎಂದು ತಿಳಿಯುವುದು. ವೀರನೊಬ್ಬ ಒಂದೇ ಏಟಿಗೆ ಲೋಕ ಉಳಿಸುತ್ತಾನೆ ಎಂಬ ಕಥೆಯ ದೋಷ ಅದು ಕಲ್ಪನೆ ಎಂಬುದರಲ್ಲಿಲ್ಲ, ಕಂಬವೇ ಅಲ್ಲದ ಕಡೆ ಏಟು ಹಾಕಿಸುವುದರಲ್ಲಿದೆ. ಲೋಕವನ್ನು ಉಳಿಸಲು ಹೊರಟವನು ದೊಡ್ಡ ಘಟನೆಗಳನ್ನು ಹುಡುಕುತ್ತಾನೆ. ಅವೇ ತಿದ್ದಲು ಬಾರದ, ನೂರು ಕಾರಣಗಳ ಮೇಲೆ ನಿಂತ ಘಟನೆಗಳು. ಒಬ್ಬ ಕೂಲಿಕಾರನ ಕೆಲಸ, ಒಬ್ಬ ಪಾಡ್ದನಗಾರ್ತಿಯ ನೆನಪು, ಒಬ್ಬ ಶಿಲ್ಪಿಯ ಕೈ ಇವೇ ತಿದ್ದಲು ಬರುವಂಥವು, ಆದರೆ ಸಿನಿಮಾದ ವೀರ ಅತ್ತ ನೋಡುವುದು ಕಡಿಮೆ.

ಈ ತೀರ್ಮಾನ ಕಳೆದ ಕಾಲಕ್ಕೆ ಮಾತ್ರ ಸಲ್ಲುವುದಲ್ಲ. ಇಂದಿನ ಮಂಗಳೂರಿನಲ್ಲೂ ದೊಡ್ಡ ಬದಲಾವಣೆಗಳು ಬರುವ ರೀತಿಯಲ್ಲೇ ಬರುತ್ತವೆ: ಹಂಚಿನ ಮಾಡಿನ ಜಾಗದಲ್ಲಿ ತಾರಸಿ ಬಂತು, ಕಾರ್ಖಾನೆಯ ಜಾಗದಲ್ಲಿ ಬಹುಮಹಡಿ ಕಟ್ಟಡ ಏಳುತ್ತದೆ, ರಸ್ತೆ ಅಗಲವಾಗುತ್ತದೆ. ಇವುಗಳ ಹಿಂದೆ ಒಬ್ಬ ಅಧಿಕಾರಿಯೋ ಒಬ್ಬ ಉದ್ಯಮಿಯೋ ಇದ್ದಾನೆ, ಅವನನ್ನು ತಡೆದರೆ ಎಲ್ಲ ನಿಲ್ಲುತ್ತದೆ ಎಂದು ನಂಬುವುದು, ಸೂಪರ್‌ಮ್ಯಾನನ ಹಾಗೆ ಭೂಮಿಯನ್ನು ಉಲ್ಟಾ ಸುತ್ತಿಸಿದಂತೆ. ಬದಲಾವಣೆ ಬಂದೇ ಬರುತ್ತದೆಂದು ಕೈಕಟ್ಟಿ ಕುಳಿತುಕೊಳ್ಳುವುದೂ ಅಷ್ಟೇ ತಪ್ಪು. ಕಾರ್ಖಾನೆ ಮುಚ್ಚುವುದು ಗಟ್ಟಿ ಸಂಗತಿ ಇರಬಹುದು. ಮುಚ್ಚುವಾಗ ಕೆಲಸದವರಿಗೆ ಬರಬೇಕಾದ ಬಾಕಿ ಬಂತೋ ಇಲ್ಲವೋ, ಮಣ್ಣು ಹದ ಮಾಡುವ, ಭಟ್ಟಿಯ ಕಾವು ಅಳೆಯುವ ಅವರ ಬಲ್ಮೆ ಯಾರಾದರೂ ಬರೆದಿಟ್ಟರೋ ಇಲ್ಲವೋ, ಹೊಸ ಕಟ್ಟಡದಲ್ಲಿ ಹಳೆಯ ಬಾಡಿಗೆದಾರನಿಗೆ ಜಾಗ ಸಿಕ್ಕಿತೋ ಇಲ್ಲವೋ ಎಂಬುದು ನಾಜೂಕು, ಒಬ್ಬರೋ ಇಬ್ಬರೋ ಮನಸ್ಸು ಮಾಡಿದರೆ ಆ ಕಡೆಗೂ ಈ ಕಡೆಗೂ ಹೊರಳುವಂಥದ್ದು. ಚರಿತ್ರೆಯ ಹರಿವನ್ನು ತಿರುಗಿಸುವ ಶಕ್ತಿ ಯಾರಿಗೂ ಇಲ್ಲ, ಕಾಲಯಂತ್ರ ಸಿಕ್ಕರೂ ಇರುವುದಿಲ್ಲ. ಆ ಹರಿವಿನಲ್ಲಿ ಯಾರು ಮುಳುಗುತ್ತಾರೆ, ಯಾರು ದಡ ಸೇರುತ್ತಾರೆ ಎಂಬುದನ್ನು ಬದಲಿಸಲು ಅಂಥ ಶಕ್ತಿಯೇನೂ ಬೇಕಾಗಿಲ್ಲ.